ಅಪ್‌ಡೇಟ್: ಕೊನೆಗೂ ಚಿಕ್ಕ ಏಜೆನ್ಸಿಯನ್ನೇ ಆರಿಸಿಕೊಂಡೆವು

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ದೊಡ್ಡ ಮಾರ್ಕೆಟಿಂಗ್ ಏಜೆನ್ಸಿ ಬೇಕಾ, ಚಿಕ್ಕದು ಸಾಕಾ ಅಂತ ಇಲ್ಲಿ ಕೇಳಿದ್ದೆ. ಚಿಕ್ಕದೇ ಆಯಿತು.

ನೀವು ಹೇಳಿಕೊಟ್ಟ ಪ್ರಶ್ನೆಯನ್ನೇ ಇಬ್ಬರಿಗೂ ಕೇಳಿದೆ: "ನಮ್ಮ ಕೆಲಸ ದಿನಾ ನೋಡಿಕೊಳ್ಳುವವರು ಯಾರು?" ದೊಡ್ಡವರು ಸ್ಲೈಡ್ ತೋರಿಸಿದರು. ಚಿಕ್ಕವರು ಆ ವ್ಯಕ್ತಿಯನ್ನೇ ಮೀಟಿಂಗ್‌ಗೆ ಕರೆತಂದರು. ಅವರು ಮೊದಲೇ ನಮ್ಮ ಡೆಮೊ ಬಳಸಿ ನೋಡಿದ್ದರು! "ಬಿಲ್ ಹಾಕುವವರು ಬೇರೆ, ಖರೀದಿಗೆ ಒಪ್ಪಿಗೆ ಕೊಡುವವರು ಬೇರೆ ಅಲ್ವಾ? ಇಬ್ಬರಿಗೂ ಒಂದೇ ಜಾಹೀರಾತು ಯಾಕೆ?" ಅಂದರು. ಅಲ್ಲೇ ನನ್ನ ಮನಸ್ಸು ಗಟ್ಟಿಯಾಯಿತು.

ಏಜೆನ್ಸಿಯ ಕೆಲಸ ಅಳೆಯುವಾಗ ಸುಮ್ನೆ ಲೀಡ್ (ಆಸಕ್ತಿ ತೋರಿಸಿದವರ ಹೆಸರು, ನಂಬರ್) ಎಣಿಸುವುದಿಲ್ಲ, ನಮ್ಮ ಸೇಲ್ಸ್‌ನವರು ಒಪ್ಪಿದ ಡೆಮೊ ಮಾತ್ರ ಲೆಕ್ಕ. ಗೂಗಲ್ ಆ್ಯಡ್ಸ್ ಖಾತೆ ನಮ್ಮ ಹೆಸರಲ್ಲೇ ಇರಬೇಕು ಅಂತ ಒಪ್ಪಂದದಲ್ಲಿ ಬರೆಸಿದೆ. ಹಿಂದಿನ ಏಜೆನ್ಸಿ ಬಿಟ್ಟಾಗ ಹಳೇ ಡೇಟಾ ಪೂರ್ತಿ ಕೈತಪ್ಪಿತ್ತು, ಆ ನೋವು ಇನ್ನೂ ಇದೆ.

ಸದ್ಯಕ್ಕೆ 3 ತಿಂಗಳ ಒಪ್ಪಂದ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.