ಹಿಡಿ ಅಕ್ಕಿ ಕೂಡಿಸಿದರೆ ಬಡವರ ಸಭೆಗೆ ಆಸರೆಯಾದೀತೆ?

ಸಮುವೇಲ್, ಬೀದರ್: ಮಿಜೋರಾಂನ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಗಳಲ್ಲಿ (ಚರ್ಚ್‌ಗಳಲ್ಲಿ) 1910ರಿಂದ ‘ಬುಹ್‌ಫೈ ಥಾಮ್’, ಅಂದರೆ ಹಿಡಿ ಅಕ್ಕಿಯ ಕಾಣಿಕೆ, ನಡೆದುಬಂದಿದೆ. ಅಡುಗೆಗೆ ಅಕ್ಕಿ ಅಳೆಯುವಾಗಲೇ ಒಂದು ಹಿಡಿ ತೆಗೆದಿಡುತ್ತಾರೆ. ಸಭೆಯ ಹೆಂಗಸರು ಅದನ್ನು ಮನೆಮನೆಯಿಂದ ಕೂಡಿಸಿ ಮಾರುತ್ತಾರೆ. ಕಾಣಿಕೆಗೆ ನಗದಿಲ್ಲದ ಮನೆಯೂ ಕೊಡುವ ಮನೆಯಾಗುತ್ತದೆ. ನಮ್ಮ ಕೂಲಿಕಾರರ ಸಭೆಗಳಿಗೂ ಇದು ಒಗ್ಗುತ್ತದೆ. ಹಿಡಿಗೆ 50 ಗ್ರಾಂ, ದಿನಕ್ಕೆ ಎರಡು ಹಿಡಿ ಅಂದರೆ ಮನೆಗೆ ತಿಂಗಳಿಗೆ 3 ಕಿಲೋ. 40 ಮನೆಗೆ 120 ಕಿಲೋ.

ಮೇರಿ, ಕಲಬುರಗಿ: ಲೆಕ್ಕ ಸರಿ, ಆದರೆ ಅಕ್ಕಿ ಯಾವುದು ಸಮುವೇಲ್ ಅವರೇ? ಬಹಳ ಮನೆಗಳಲ್ಲಿರುವುದು ರೇಷನ್ ಅಕ್ಕಿ. ಅದನ್ನು ಮಾರುವುದು ಅಪರಾಧ, ಸಿಕ್ಕಿಬೀಳುವುದು ಅಕ್ಕಿ ಕೂಡಿಸುವ ಸಭೆಯ ಮಹಿಳಾ ಸಂಘದವರು. ಸೋನಾ ಮಸೂರಿ, ರೇಷನ್ ಅಕ್ಕಿ ಎರಡೂ ಒಂದೇ ಚೀಲಕ್ಕೆ ಬಿದ್ದರೆ ಕೊಳ್ಳುವವರೂ ಇಲ್ಲ. ಈ ಕಡೆ ಜೋಳ ಕೂಡಿಸಿ. ಜೋಳವನ್ನು ಹೊತ್ತುಹೊತ್ತಿಗೆ ಅಳೆಯುವುದಿಲ್ಲ, ಗಿರಣಿಗೆ ಒಯ್ಯುವಾಗ ಅಳೆಯುತ್ತಾರೆ. ಆಗ ಒಂದು ಗ್ಲಾಸು ತೆಗೆದಿಟ್ಟರೆ ಸಾಕು. ಮಳೆಗಾಲದಲ್ಲಿ ವಾರವಾರ ಒಯ್ಯಬೇಕು, ಇಲ್ಲದಿದ್ದರೆ ನುಸಿ ಬೀಳುತ್ತದೆ.

ಅನಿತಾ, ಮಂಗಳೂರು: ಮನೆಮನೆಯ ತೂಕ ಬರೆಯಲೇಬೇಡಿ. ಯಾರ ಹೆಸರಲ್ಲಿ ಎಷ್ಟು ಎಂದು ಆರಾಧನೆಯಲ್ಲಿ ಓದಿದಿರೋ, ಕಡಿಮೆ ಕೊಟ್ಟವರು ಮುಂದಿನ ವಾರ ಬಾಗಿಲು ತೆಗೆಯುವುದಿಲ್ಲ. ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು ಕೊನೆಗೊಮ್ಮೆ ತೂಗಿ.

ಸಮುವೇಲ್: ಒಪ್ಪಿದೆ, ಜೋಳವೇ ಆಗಲಿ. ಬಂದ ಹಣವನ್ನು ಸಾಲವಾಗಿ ಕೊಟ್ಟರೆ ಹೇಗೆ? ದಾನವಾದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಮೇರಿ: ಅದು ಮಾತ್ರ ಬೇಡ. ಕಂತು ಕಟ್ಟಲಾಗದವರು ಆರಾಧನೆಗೆ ಬರುವುದನ್ನೇ ಬಿಡುತ್ತಾರೆ. ಹಿರಿಯರ ಮುಖ ನೋಡಲು ಸಂಕೋಚ. ಕಷ್ಟದಲ್ಲಿರುವ ಕುಟುಂಬ ಹಣವನ್ನೂ ಕಳೆದುಕೊಂಡಿತು, ಸಭೆಯನ್ನೂ ಕಳೆದುಕೊಂಡಿತು. ಸಾಲಕ್ಕೆ 10ರಿಂದ 20 ಜನರ ಸ್ವಸಹಾಯ ಸಂಘ ಬೇರೆಯೇ ಇರಲಿ, ಎಲ್ಲ ಧರ್ಮದ ಹೆಂಗಸರೂ ಇರಲಿ, ವ್ಯವಹಾರ ಬ್ಯಾಂಕಿನ ಜೊತೆ ಆಗಲಿ. ಸಭೆಯ ನಿಧಿ ಆಸ್ಪತ್ರೆಗೆ ಮತ್ತು ಗುಳೆ ಹೋದವರ ಮಕ್ಕಳಿಗೆ. ಅಪ್ಪ ಅಮ್ಮ ಬೆಂಗಳೂರಿಗೆ ಹೋದಾಗ ಅಜ್ಜಿಯ ಹತ್ತಿರ ಉಳಿಯುವ ಮಗುವಿಗೆ ನೋಟ್‌ಬುಕ್ಕು, ಔಷಧ, ಹಾಲು. ತಂದೆತಾಯಿ ಬರುವತನಕ ಆ ಮನೆಗೆ ವಾರಕ್ಕೊಮ್ಮೆ ಹೋಗಿ ನೋಡುವವರೂ ಬೇಕು, ದುಡ್ಡಿಗಿಂತ ಅದೇ ದೊಡ್ಡದು.

ಸಮುವೇಲ್: ಗುಳೆಯ ತಿಂಗಳುಗಳಲ್ಲೇ ಮನೆಗಳಿಗೆ ಬೀಗ, ಆಗ ಜೋಳ ಕೂಡುವುದೂ ಕಡಿಮೆಯಲ್ಲವೇ?

ಮೇರಿ: ಹೌದು, ಅದಕ್ಕೇ ಸುಗ್ಗಿಯಲ್ಲಿ ಬಂದಿದ್ದರಲ್ಲಿ ಅರ್ಧ ಮುಟ್ಟದೆ ಇಡಬೇಕು. ಕಟ್ಟಡದ ರಿಪೇರಿಗೆ ಕೈಹಾಕಿದರೆ ದಸರಾ ಹೊತ್ತಿಗೆ ಏನೂ ಉಳಿಯುವುದಿಲ್ಲ.

ಅನಿತಾ: ಪಾಸ್‌ಬುಕ್ ಸಭಾಪಾಲಕರ (ಪಾಸ್ಟರ್) ಹೆಸರಲ್ಲಿ ಬೇಡ. ಅವರಿಗೆ ವರ್ಗವಾದರೆ ಹೊಸಬರ ಸಹಿ ಬ್ಯಾಂಕಿಗೆ ತಲುಪುವವರೆಗೆ ಹಣ ತೆಗೆಯಲಾಗದು. ಮಹಿಳಾ ಸಂಘದ ಮೂವರ ಜಂಟಿ ಖಾತೆ, ಅವರಲ್ಲಿ ಯಾರಾದರೂ ಇಬ್ಬರ ಸಹಿ. ಮೂವರೂ ಬೇರೆಬೇರೆ ಮನೆಯವರಾಗಿರಲಿ.