ಮೂರನೇ ಸಲವೂ ದಾರಿಯಲ್ಲೇ ನಿಂತಿತು, ಈ ಕಾರನ್ನು ಇನ್ನೂ ಇಟ್ಟುಕೊಳ್ಳಬೇಕಾ?

ನಾಲ್ಕುಚಕ್ರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನದು 14 ವರ್ಷ ಹಳೆಯ ಪೆಟ್ರೋಲ್ ಕಾರು. 1,62,000 ಕಿಲೋಮೀಟರ್ ಓಡಿದೆ. ಮೊದಲ 13 ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಹೋದ ವರ್ಷದಿಂದ ಎಂಜಿನ್ ಬಿಸಿಯಾಗುವ ಕಾಯಿಲೆ ಹಿಡಿದಿದೆ. ಮೊದಲು ಥರ್ಮೋಸ್ಟಾಟ್ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಎರಡು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ರೇಡಿಯೇಟರ್ ಕಟ್ಟಿಕೊಂಡಿದೆ ಎಂದರು, ಅದನ್ನೂ ಹೊಸದು ಹಾಕಿಸಿದೆ. ಅದಾದ ಮೇಲೆ ವಾಟರ್ ಪಂಪ್. ಪ್ರತಿ ಸಲವೂ ಮೆಕ್ಯಾನಿಕ್ "ಇನ್ನು ಏನೂ ತೊಂದರೆ ಇಲ್ಲ" ಎಂದರು, ಪ್ರತಿ ಸಲವೂ ನಾನು ನಂಬಿದೆ. ಈಗಲೂ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಲೇ ಇದೆ. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್ ತುಂಬಿಸುತ್ತಿದ್ದೇನೆ, ಆದರೆ ಕಾರು ನಿಲ್ಲಿಸಿದ ಜಾಗದಲ್ಲಿ ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ.

ನನ್ನ ತಾಳ್ಮೆ ಕೆಟ್ಟಿದ್ದು ಹೋದ ಮಂಗಳವಾರ. ಅಮ್ಮನಿಗೆ ವಾರಕ್ಕೆ 3 ಸಲ ಡಯಾಲಿಸಿಸ್ ಆಗಬೇಕು, ಒಂದೊಂದು ಸಲವೂ 4 ಗಂಟೆ. ಮುಗಿಯುವಷ್ಟರಲ್ಲಿ ಅವರಿಗೆ ಕೂತುಕೊಳ್ಳುವ ಶಕ್ತಿಯೂ ಇರುವುದಿಲ್ಲ. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಬಾನೆಟ್ ಒಳಗಿಂದ ಹಬೆ ಬಂತು. ವಿಚಿತ್ರ ಏನೆಂದರೆ ಟೆಂಪರೇಚರ್ ಮುಳ್ಳು ಆಗಲೂ ನಡುವೆಯೇ ಇತ್ತು. ನಲವತ್ತು ನಿಮಿಷ ರಸ್ತೆ ಪಕ್ಕದಲ್ಲಿ ನಿಂತೆವು, ಅಮ್ಮ ಹಿಂದಿನ ಸೀಟಿನಲ್ಲಿ ಮಲಗಿದ್ದರು, ಒಂದು ಮಾತೂ ಆಡಲಿಲ್ಲ. ಆದರೆ ಗುರುವಾರ ಮತ್ತೆ ಹೊರಟಾಗ ಕಾರಿನ ಬಾಗಿಲ ಹತ್ತಿರ ಬಂದು, ಹತ್ತುವ ಮೊದಲು ಒಂದು ಕ್ಷಣ ನಿಂತು ನನ್ನ ಮುಖ ನೋಡಿದರು. ಅದನ್ನು ಮರೆಯೋಕೆ ಆಗುತ್ತಿಲ್ಲ.

ಈಗ ಇನ್ನೊಂದು ಸಲ ರಿಪೇರಿ ಮಾಡಿಸಲಾ, ಮಾರಿ ಬೇರೆ ತಗೊಳ್ಳಲಾ? ಒಂದೇ ವರ್ಷದಲ್ಲಿ ಇಷ್ಟು ಹೊಸ ಪಾರ್ಟ್ಸ್ ಹಾಕಿಸಿದ ಗಾಡಿಯನ್ನು ಬಿಟ್ಟುಬಿಡಲು ಹೊಟ್ಟೆ ಉರಿಯುತ್ತದೆ.

ಸ್ಪ್ಯಾನರ್‌ಕೈ:

ಮೊದಲು ಅಮ್ಮ ಹುಷಾರಾಗಿರಲಿ. ಡಯಾಲಿಸಿಸ್ ದಿನಗಳಲ್ಲಿ ಈ ಕಾರು ತೆಗೆಯಬೇಡಿ. ಇದು ಇತ್ಯರ್ಥ ಆಗುವ ತನಕ ಬಾಡಿಗೆ ಗಾಡಿಯೋ, ನೆಂಟರ ಗಾಡಿಯೋ, ಏನಾದರೂ ಮಾಡಿ.

ನಾನು ಇಪ್ಪತ್ತು ವರ್ಷದಿಂದ ಎಂಜಿನ್ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದು ಓದಿದರೆ ನನಗೆ ಅನುಮಾನ ಬರುವುದು ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್‌ನ ಬ್ಲಾಕ್ ಮತ್ತು ಹೆಡ್ ನಡುವೆ ಸೋರದಂತೆ ಹಾಕುವ ತೆಳು ಪದರ. ಕೂಲಂಟ್ ಕಡಿಮೆಯಾಗುತ್ತದೆ, ನೆಲಕ್ಕೆ ಬೀಳುವುದಿಲ್ಲ ಅಂದರೆ ಅದು ಎಲ್ಲಿಗೆ ಹೋಗುತ್ತದೆ? ಬಹುಶಃ ಸಿಲಿಂಡರ್ ಒಳಗೆ ಹೋಗಿ ಉರಿದು ಸೈಲೆನ್ಸರ್‌ನಿಂದ ಹಬೆಯಾಗಿ ಹೊರಗೆ ಹೋಗುತ್ತಿದೆ. ತುಂಬಾ ಎಂಜಿನ್‌ಗಳಲ್ಲಿ ಕೆಳಗಿನ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡರ ನಡುವೆ ಇರುವ ಗ್ಯಾಸ್ಕೆಟ್ ಆ ಎಳೆದಾಟವನ್ನು ವರ್ಷಗಟ್ಟಲೆ ತಡೆಯುತ್ತದೆ, ಆದರೆ ಎಂಜಿನ್ ಒಂದು ಸಲ ಅತಿಯಾಗಿ ಬಿಸಿಯಾದರೆ ಹೆಡ್ಡೇ ಬಾಗುತ್ತದೆ. ಎಷ್ಟು ಬಾಗಿದರೆ ಕೆಟ್ಟಂತೆ ಅಂದರೆ, ಬಹಳಷ್ಟು ಎಂಜಿನ್‌ಗಳಲ್ಲಿ ಮಿತಿ 0.05ರಿಂದ 0.1 ಮಿಲಿಮೀಟರ್ ಅಷ್ಟೇ. ಕಣ್ಣಿಗೆ ಕಾಣುವುದೇ ಇಲ್ಲ.

ಮುಳ್ಳು ಯಾಕೆ ಏರಲಿಲ್ಲ ಅಂತ ಕೇಳಿದಿರಿ ಅಲ್ವಾ, ಅದರಲ್ಲಿ ವಿಚಿತ್ರ ಏನೂ ಇಲ್ಲ. ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಹೇಳುತ್ತದೆ. ಕೂಲಂಟ್ ಕಡಿಮೆಯಾಗಿ ಅದರ ಸುತ್ತ ಗಾಳಿ ತುಂಬಿಕೊಂಡರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ನಡುವೆಯೇ ಇರಬಹುದು. ಆದ್ದರಿಂದ ಇನ್ನು ಮುಂದೆ ಆ ಮುಳ್ಳನ್ನು ನಂಬಬೇಡಿ.

ಮಾರುವ ಯೋಚನೆ ಆಮೇಲೆ. ಮೊದಲು ಕಾರಣ ಗೊತ್ತಾಗಲಿ. ರೇಡಿಯೇಟರ್ ಬಾಯಿಯ ಮೇಲೆ ನೀಲಿ ದ್ರವ ಇರುವ ಒಂದು ನಳಿಕೆ ಇಟ್ಟು ಎಂಜಿನ್ ಓಡಿಸಿ ನೋಡುವ ಪರೀಕ್ಷೆ ಇದೆ. ಸಿಲಿಂಡರ್ ಒಳಗಿನ ಹೊಗೆ ಕೂಲಂಟ್‌ಗೆ ಸೇರುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಸುಮ್ನೆ ಒಂದರ ಹಿಂದೆ ಒಂದು ಪಾರ್ಟ್ ಬದಲಾಯಿಸಿದ್ದು ಸರಿಯಲ್ಲ, ಇದನ್ನು ನೇರವಾಗಿಯೇ ಹೇಳುತ್ತೇನೆ. ಮನೆಯಲ್ಲಿ ನೀವೇ ನೋಡಬಹುದಾದದ್ದು ಒಂದಿದೆ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು, ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರ ಇಟ್ಟುಕೊಂಡು, ರೇಡಿಯೇಟರ್‌ನ ಮೇಲಿನ ಹೋಸ್ ಹಿಸುಕಿ. ಎಂಜಿನ್ ಇನ್ನೂ ತಣ್ಣಗಿದ್ದು ಹೋಸ್ ಆಗಲೇ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಲಕ್ಷಣ ಒಳ್ಳೆಯದಲ್ಲ.

ಬಿಸಿ ಇರುವಾಗ ಮಾತ್ರ ಕ್ಯಾಪ್ ತೆಗೆಯಬೇಡಿ. ಅರ್ಧ ನೀರು ಅರ್ಧ ಕೂಲಂಟ್ ಇರುವ ಮಿಶ್ರಣ ಮುಚ್ಚಳದ ಒತ್ತಡದಲ್ಲಿ 120 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದರೆ ಒತ್ತಡ ಇಳಿದು ಒಮ್ಮೆಲೇ ಕುದಿದು ಮೇಲೆ ಚಿಮ್ಮುತ್ತದೆ. ಮುಖ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಹಳೇಬೇರು:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ ಕೂಡಲೇ ಕಾರು ಸತ್ತಿತು ಅಂತ ಎಲ್ಲರೂ ಹೆದರುತ್ತಾರೆ. ನನ್ನ ಕಾರಿಗೂ ಹೀಗೇ ಆಗಿತ್ತು, ಹೆಡ್ ಬಿಚ್ಚಿಸಿ ಸರಿ ಮಾಡಿಸಿದೆ, ಆಮೇಲೆ ಐದು ವರ್ಷ ಓಡಿಸಿದೆ. ಗ್ಯಾಸ್ಕೆಟ್ ಬೆಲೆ ತೀರಾ ಕಡಿಮೆ, ಖರ್ಚೆಲ್ಲ ಬಿಚ್ಚಿ ಜೋಡಿಸುವ ಕೂಲಿಗೆ. ಆದರೆ ಪೂರ್ತಿ ಮಾಡಿಸಬೇಕು. ಹೆಡ್ಡನ್ನು ಮಷಿನ್ ಶಾಪ್‌ಗೆ ಕಳಿಸಿ ಬಿರುಕು ಇದೆಯಾ ಅಂತ ಒತ್ತಡ ಹಾಕಿ ನೋಡಬೇಕು, ಮಟ್ಟ ಮಾಡಿಸಬೇಕು, ಒಂದೇ ಸಲ ಬಳಸುವಂಥ ಬೋಲ್ಟ್ ಇದ್ದರೆ ಹೊಸದೇ ಹಾಕಬೇಕು. ಹಳೇ ಬೋಲ್ಟ್, ಹಳೇ ಹೆಡ್, ಹೊಸ ಗ್ಯಾಸ್ಕೆಟ್ ಅಂತ ಜೋಡಿಸಿಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ.

ಇನ್ನೊಂದು ಮಾತು. ಬೇರೆ ಹಳೇ ಕಾರು ತಗೊಂಡರೆ ಅದರ ಕಾಯಿಲೆ ಏನೆಂದು ನಿಮಗೆ ಗೊತ್ತಿರುವುದಿಲ್ಲ. ಇದರದ್ದು ಗೊತ್ತಿದೆ. ಥರ್ಮೋಸ್ಟಾಟ್, ರೇಡಿಯೇಟರ್, ಪಂಪ್ ಎಲ್ಲ ಹೊಸದು. ಕಾರಿನ ಬಾಡಿ ತುಕ್ಕು ಹಿಡಿದಿಲ್ಲ, ಗೇರ್‌ಬಾಕ್ಸ್ ಚೆನ್ನಾಗಿದೆ ಅಂದರೆ ನಾನಾದರೆ ಬಿಡುವುದಿಲ್ಲ.

ಮಳೆಹನಿ:

ಹಳೇಬೇರು ಅವರ ಮಾತು ಎಂಜಿನ್ ಲೆಕ್ಕದಲ್ಲಿ ಸರಿ, ಆದರೆ ಪ್ರಶ್ನೆ ಎಂಜಿನ್‌ನದ್ದು ಮಾತ್ರ ಅಲ್ಲ ಅನಿಸುತ್ತದೆ.

ನನ್ನ ಹತ್ತಿರ ಒಂದು ವ್ಯಾನ್ ಇತ್ತು. ಅದರ ಕಾಯಿಲೆ ಸ್ಟಾರ್ಟ್ ಆಗದಿರುವುದು. ಬ್ಯಾಟರಿ ಎರಡು ಸಲ ಬದಲಾಯಿಸಿದೆ, ಆಲ್ಟರ್ನೇಟರ್ ಒಂದು ಸಲ. ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಕೂತರು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಎರಡೂ ಸರಿ ಇತ್ತು. ಕೀ ತೆಗೆದ ಮೇಲೆ ಹರಿಯುವ ಕರೆಂಟ್ ಅಳೆದರೆ ಅದು ಇರಬೇಕಾದದ್ದು 50 ಮಿಲಿಆಂಪ್ ಒಳಗೆ, ನನ್ನ ವ್ಯಾನ್‌ನಲ್ಲಿ ಅದರ ಹತ್ತು ಪಟ್ಟು. ಒಂದು ರಿಲೇ, ಅಂದರೆ ಕರೆಂಟ್‌ನಿಂದ ಕೆಲಸ ಮಾಡುವ ಸ್ವಿಚ್, ಅಂಟಿಕೊಂಡಿತ್ತು, ಅಷ್ಟೇ! ತಪ್ಪು ಸಿಕ್ಕಿತು, ಸರಿಯೂ ಆಯಿತು. ಆದರೂ ಅದಾದ ಮೇಲೆ ಒಂದು ವರ್ಷ ಕೀ ತಿರುಗಿಸುವಾಗ ಪ್ರತಿ ದಿನ ಎದೆ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಎಲ್ಲಿಗಾದರೂ ಹೋಗಬೇಕಾದರೆ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದೆ, ತಳ್ಳಿ ಸ್ಟಾರ್ಟ್ ಮಾಡೋಕೆ ಅಂತ. ಎಷ್ಟೋ ಕಡೆ ಹೋಗುವುದನ್ನೇ ಬಿಟ್ಟೆ. ಒಂದು ದಿನ ಮಗಳು "ನಾವು ಬಸ್ಸಲ್ಲೇ ಹೋಗೋಣ" ಅಂದಳು, ಆ ವಾರವೇ ಮಾರಿದೆ.

ಹೋದ ದುಡ್ಡಿನ ಬಗ್ಗೆ ಹೊಟ್ಟೆ ಉರಿಯುತ್ತದೆ ಅಂದಿರಿ. ನನಗೂ ಹಾಗೇ ಆಗಿತ್ತು, ಅದಕ್ಕೇ ಎರಡು ವರ್ಷ ಜಾಸ್ತಿ ಇಟ್ಟುಕೊಂಡೆ. ಆದರೆ ಆ ದುಡ್ಡು ಇಟ್ಟುಕೊಂಡರೂ ವಾಪಸ್ ಬರಲ್ಲ, ಮಾರಿದರೂ ಬರಲ್ಲ. ಇನ್ನು ಮುಂದಿನ ಒಂದು ವರ್ಷಕ್ಕೆ ಇದು ಎಷ್ಟು ಕೇಳುತ್ತದೆ, ಬೇರೆಯದು ಎಷ್ಟು ಕೇಳುತ್ತದೆ, ಅದಿಷ್ಟೇ ನೋಡಿ. ಜೊತೆಗೆ ಈ ಗಾಡಿಯಿಂದ ನಿಮಗೆ ಆಗಬೇಕಾದ ಕೆಲಸ ಏನು ಅಂತ ಕೇಳಿಕೊಳ್ಳಿ. ವಾರದ ಕೊನೆಯಲ್ಲಿ ಒಂದು ಸುತ್ತು ಹೋಗಿ ಬರುವುದಾಗಿದ್ದರೆ ನಾನೂ ರಿಪೇರಿ ಮಾಡಿಸಿ ಅನ್ನುತ್ತಿದ್ದೆ. ನಿಮ್ಮದು ವಾರಕ್ಕೆ ಮೂರು ದಿನ ತಪ್ಪದೆ ಹೋಗಲೇಬೇಕಾದ ದಾರಿ.

ನಾಲ್ಕುಚಕ್ರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೋಸ್ ಹಿಸುಕಿ ನೋಡಿದೆ, ಎರಡೇ ನಿಮಿಷಕ್ಕೆ ಗಟ್ಟಿ. ಬೇರೆ ಕಡೆ ತೋರಿಸಿ ನೀಲಿ ದ್ರವದ ಪರೀಕ್ಷೆ ಮಾಡಿಸಿದೆ, ಪಕ್ಕದಲ್ಲೇ ನಿಂತು ನೋಡುತ್ತಿದ್ದೆ, ಒಂದು ನಿಮಿಷ ಆಗುವಷ್ಟರಲ್ಲಿ ಹಳದಿ ಆಯಿತು. ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದು ತೋರಿಸಿದರು. ಮೂರು ಪ್ಲಗ್ ಕಂದು ಬಣ್ಣ, ಒಂದು ಮಾತ್ರ ತೊಳೆದ ಹಾಗೆ ಬೆಳ್ಳಗೆ. ಆ ಸಿಲಿಂಡರ್‌ಗೇ ಕೂಲಂಟ್ ಹೋಗುತ್ತಿತ್ತಂತೆ. ಒಂದು ವರ್ಷ ಯಾರೂ ಹೇಳದಿದ್ದದ್ದು ಒಂದು ಗಂಟೆಯಲ್ಲಿ ಗೊತ್ತಾಯಿತು. ಸಿಟ್ಟು ಬಂತು, ಆದರೆ ಮನಸ್ಸು ಹಗುರವೂ ಆಯಿತು.

ಹೆಡ್ ಬಿಚ್ಚಿದ ಮೇಲೆ ಬಿರುಕು ಇದ್ದರೆ ಇನ್ನೂ ಖರ್ಚು, ಇಲ್ಲದಿದ್ದರೂ ಕಡಿಮೆ ಎಂದರೆ ಹತ್ತು ದಿನ ಗಾಡಿ ಅಲ್ಲೇ ಇರಬೇಕು ಎಂದರು. ಖರ್ಚು ಕಾರಿನ ಈಗಿನ ಬೆಲೆಯ ಅರ್ಧ ದಾಟುತ್ತದೆ. ಹಳೇಬೇರು ಅವರೇ, ನಿಮ್ಮ ಮಾತನ್ನು ನಿಜವಾಗಿ ಯೋಚಿಸಿದೆ, ನಾನು ಒಬ್ಬನೇ ಓಡಿಸುವ ಗಾಡಿಯಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಅಮ್ಮ ಈ ಕಾರಿನಲ್ಲಿ ಇನ್ನು ನೆಮ್ಮದಿಯಾಗಿ ಕೂರಲ್ಲ, ನಾನೂ ಕೂರಲ್ಲ. ಮಾರುತ್ತಿದ್ದೇನೆ. ಗ್ಯಾಸ್ಕೆಟ್ ಹೋಗಿರುವುದನ್ನು ಹೇಳಿಯೇ ಮಾರುತ್ತೇನೆ. ಮುಚ್ಚಿಟ್ಟರೆ ಇನ್ನೊಬ್ಬರ ಅಮ್ಮ ಅದೇ ರಸ್ತೆ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ.

ಹೊಸದು ತಗೊಳ್ಳುವಷ್ಟು ಕೈಯಲ್ಲಿಲ್ಲ. ನಾಲ್ಕೈದು ವರ್ಷ ಹಳೆಯದು ನೋಡುತ್ತಿದ್ದೇನೆ. ಮತ್ತೆ ಮೋಸ ಹೋಗದಂತೆ ಏನೇನು ನೋಡಬೇಕು?

ಸ್ಪ್ಯಾನರ್‌ಕೈ:

ಹೇಳಿ ಮಾರುವುದು ಒಳ್ಳೆಯ ತೀರ್ಮಾನ. ರಿಪೇರಿ ಗೊತ್ತಿರುವವರು ತಗೊಳ್ಳುತ್ತಾರೆ, ಹೊಸ ರೇಡಿಯೇಟರ್, ಪಂಪ್ ಬಿಲ್ ತೋರಿಸಿ, ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ತಗೊಳ್ಳುವ ಗಾಡಿಯನ್ನು ಯಾವಾಗಲೂ ತಣ್ಣಗಿರುವಾಗ ನೋಡಿ. ಮೊದಲೇ ಫೋನ್ ಮಾಡಿ "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ಕೂಡಲೇ ಬಾನೆಟ್ ಎತ್ತಿ ಎಂಜಿನ್ ಹತ್ತಿರ ಕೈ ತಂದು ನೋಡಿ, ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಸ್ಟಾರ್ಟ್ ಆಗುವ ಕಷ್ಟ, ಮೊದಲ ಹೊಗೆ, ಟಕಟಕ ಶಬ್ದ, ಎಂಜಿನ್ ಬಿಸಿಯಾದ ಮೇಲೆ ಇದೆಲ್ಲ ಮುಚ್ಚಿಹೋಗುತ್ತದೆ. ಕೂಲಂಟ್ ಮುಚ್ಚಳ ಆಗಲೇ ತೆಗೆದು ನೋಡಿ, ಒಳಗೆ ತುಕ್ಕಿನ ನೀರೋ ಎಣ್ಣೆಯೋ ಇದ್ದರೆ ವಾಪಸ್ ಬನ್ನಿ. ಎಣ್ಣೆ ತುಂಬುವ ಮುಚ್ಚಳದ ಒಳಗೆ ದಪ್ಪ ಬಿಳಿ ನೊರೆ ಇದ್ದರೂ ಅನುಮಾನ ಪಡಿ.

ಆಮೇಲೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್‌ಗಳನ್ನು ಓದುವ ಸಾಧನ. ಎಂಜಿನ್ ಲೈಟ್ ಉರಿಯುತ್ತಿಲ್ಲ ಅಂತ ಸುಮ್ಮನಾಗಬೇಡಿ. ಮಾರುವವರು ಹಿಂದಿನ ದಿನವೇ ಕೋಡ್ ಅಳಿಸಿರಬಹುದು. ಆದರೆ ಕೋಡ್ ಅಳಿಸಿದರೆ ಕಾರಿನ ಕಂಪ್ಯೂಟರ್ ತನ್ನ ಸ್ವಂತ ಪರೀಕ್ಷೆಗಳನ್ನು ಮೊದಲಿನಿಂದ ಶುರು ಮಾಡಬೇಕು, ಅದಕ್ಕೆ ಕೆಲವು ದಿನದ ಓಡಾಟ ಬೇಕು. ಸ್ಕ್ಯಾನರ್‌ನಲ್ಲಿ "ರೆಡಿನೆಸ್" ಅಂತ ಇರುತ್ತದೆ, ಅಲ್ಲಿ ಹೆಚ್ಚಿನವು ಮುಗಿದಿಲ್ಲ ಅಂತ ತೋರಿಸಿದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಅಂತಲೇ ಅರ್ಥ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ ಮಾಡಿದ ಟೈರ್. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಯಾವಾಗ ಬದಲಾಯಿಸಿದರು ಅಂತ ಬಿಲ್ ಕೇಳಿ. ಎಷ್ಟು ಓಡಿದ ಮೇಲೆ ಬದಲಾಯಿಸಬೇಕು ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ 60,000ರಿಂದ 1,00,000 ಕಿಲೋಮೀಟರ್ ಒಳಗೆ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ.

ಹಳೇಬೇರು:

ಅಮ್ಮನ ವಿಷಯ ನಾನು ಸರಿಯಾಗಿ ತೂಗಿ ನೋಡಿರಲಿಲ್ಲ. ನಿಮ್ಮ ತೀರ್ಮಾನವೇ ಸರಿ. ಒಂದೇ ಒಂದು ಸೇರಿಸುತ್ತೇನೆ. ಗಾಡಿ ನೋಡಲು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಿಗೆ ಹತ್ತಿ ಇಳಿದು ನೋಡಲಿ. ಸುಸ್ತಾದವರಿಗೆ ಸೀಟು ತುಂಬಾ ತಗ್ಗಿದ್ದರೂ ಕಷ್ಟ, ತುಂಬಾ ಎತ್ತರ ಇದ್ದರೂ ಕಷ್ಟ.

ನಾಲ್ಕುಚಕ್ರ:

ಅದು ನನಗೆ ಹೊಳೆದೇ ಇರಲಿಲ್ಲ. ಭಾನುವಾರ ಒಂದು ಗಾಡಿ ನೋಡಲು ಹೋಗುತ್ತಿದ್ದೇನೆ, ಬೆಳಿಗ್ಗೆ ಏಳಕ್ಕೇ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟಿದ್ದೇನೆ. ಅಮ್ಮನೂ ಬರುತ್ತೇನೆ ಎಂದಿದ್ದಾರೆ.