ಗರ್ಭಕೋಶ ಜಾರಿದೆ: ತೆಗೆಸೋದಾ, ಮೆಶ್ ಹಾಕಿಸೋದಾ?

ವಿಜಯನಗರ: ಅಮ್ಮನಿಗೆ 61. ಗರ್ಭಕೋಶ ಮೂರನೇ ಹಂತಕ್ಕೆ ಇಳಿದಿದೆ, ಜೊತೆಗೆ ಮೂತ್ರಕೋಶವೂ. ಒಬ್ಬ ಡಾಕ್ಟರ್ ಕೆಳಗಿನಿಂದಲೇ ತೆಗೆದು ರಿಪೇರಿ ಮಾಡ್ತೀನಿ ಅಂತಾರೆ, ಇನ್ನೊಬ್ಬರು ಲ್ಯಾಪ್ರೋಸ್ಕೋಪಿಯಲ್ಲಿ ಮೆಶ್ (ಎತ್ತಿ ಹಿಡಿಯೋ ಬಲೆ) ಅಂತಾರೆ. ಗೊತ್ತಿದ್ದವರು ಹೇಳಿ.

ಜಯನಗರ: ಬರೀ ತೆಗೆಸಿದರೆ ಮುಗೀಲಿಲ್ಲ. ಯೋನಿಯ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ ಅಂತ ಮೊದಲು ಕೇಳಿ. ಮುಂದಿನ ಗೋಡೆ ಮಾತ್ರ ಹೊಲಿದು ಬಿಟ್ಟರೆ ತುದಿ ಮತ್ತೆ ಜಾರುತ್ತೆ. ಸ್ಯಾಕ್ರೋಸ್ಪೈನಸ್ ಲಿಗಮೆಂಟಿಗೆ (ಸೊಂಟದೊಳಗಿನ ಗಟ್ಟಿ ತಂತು) ಕಟ್ಟಿಸಿದ್ದೇ ಸರಿ ಅಂತ ಈಗಲೂ ಹೇಳ್ತೀನಿ. ಹೊಲಿಗೆ ಇಶಿಯಲ್ ಸ್ಪೈನ್ ಅನ್ನೋ ಸೊಂಟದ ಮೂಳೆಯ ಮೊನೆಯಿಂದ ಸುಮಾರು 2 ಸೆಂ.ಮೀ. ಒಳಗೆ ಬೀಳಬೇಕು, ಪುಡೆಂಡಲ್ ನರ ಪಕ್ಕದಲ್ಲೇ ಹಾಯುತ್ತೆ. ಕುಂಡೆ ನೋವು ಕೆಲವು ವಾರ ಇರುತ್ತೆ. ಎಚ್ಚರವಾದ ಕೂಡಲೇ ಕಾಲಿನುದ್ದಕ್ಕೂ ವಿಪರೀತ ಸೆಳೆತ ಇದ್ದರೆ ಮಾತ್ರ ಸುಮ್ಮನಿರಬೇಡಿ, ಹೊಲಿಗೆ ಬಿಚ್ಚಬೇಕಾಗಬಹುದು.

ರಾಜಾಜಿನಗರ: ಮೆಶ್ ಹೆಸರೆತ್ತಿದವರ ಹತ್ತಿರ ಹೋಗಲೇಬೇಡಿ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಮಾರಾಟವನ್ನೇ ನಿಲ್ಲಿಸಿತು.

ಮಲ್ಲೇಶ್ವರ: ಅರ್ಧ ಹೇಳಿ ಹೆದರಿಸಬೇಡಿ! ನಿಲ್ಲಿಸಿದ್ದು ಯೋನಿಯ ಮೂಲಕ ಹಾಕುವ ಮೆಶ್. ಹೊಟ್ಟೆ ಕಡೆಯಿಂದ ಮಾಡುವ ಸ್ಯಾಕ್ರೋಕಾಲ್ಪೋಪೆಕ್ಸಿ ಬೇರೆ. ವೈ ಆಕಾರದ ಪಾಲಿಪ್ರೊಪಿಲೀನ್ ಪಟ್ಟಿ. ಒಂದು ಕವಲು ಯೋನಿಯ ಮುಂದೆ, ಒಂದು ಹಿಂದೆ, ಬಾಲ ಬೆನ್ನ ಬುಡದ ಸೇಕ್ರಮ್ ಮೂಳೆಯ ಮುಂದಿನ ಲಿಗಮೆಂಟಿಗೆ. ಅದರ ಮೇಲೆ ಪೆರಿಟೋನಿಯಮ್ (ಹೊಟ್ಟೆಯ ಒಳಪೊರೆ) ಮುಚ್ಚಿ ಹೊಲಿಯಬೇಕು, ಇಲ್ಲದಿದ್ದರೆ ಕರುಳು ಸಿಕ್ಕಿಕೊಳ್ಳುವ ಭಯ. ಪ್ಯಾಪ್ ಪರೀಕ್ಷೆ (ಕಂಠದ ಕ್ಯಾನ್ಸರ್ ತಪಾಸಣೆ) ಸರಿಯಿದ್ದರೆ ಗರ್ಭಕೋಶದ ಕಂಠ ಉಳಿಸಿ ಅದಕ್ಕೇ ಕಟ್ಟಿಸಿ. ಪೂರ್ತಿ ತೆಗೆದು ಹೊಲಿದ ಜಾಗಕ್ಕೆ ಕಟ್ಟಿದರೆ ಮೆಶ್ ಸವೆದು ಹೊರಬರೋದು ಜಾಸ್ತಿ.

ರಾಜಾಜಿನಗರ: ಹೊರಬರುತ್ತೆ ಅಂತ ನೀವೇ ಒಪ್ಪಿದಿರಲ್ಲ. ನಿಲ್ಲದ ಸ್ರಾವ, ಮುಟ್ಟಿದರೆ ರಕ್ತ, ಸೇರುವಾಗ ಗಂಡನಿಗೂ ಚುಚ್ಚುತ್ತೆ. ಅನುಭವಿಸಿದವರಿಗೆ ಕವಲು, ಬಾಲದ ಲೆಕ್ಕ ಬೇಕಾಗಿಲ್ಲ.

ಜಯನಗರ: ಇಬ್ಬರೂ ಉಚ್ಚೆಯ ವಿಷಯವೇ ಬಿಟ್ಟಿರಿ. ಇಳಿದ ಮೂತ್ರಕೋಶ ಮೂತ್ರನಾಳವನ್ನು ಮಡಚಿ ಸೋರಿಕೆ ಮುಚ್ಚಿಟ್ಟಿರುತ್ತೆ, ಆಪರೇಷನ್ ಆದಮೇಲೆ ಕೆಮ್ಮಿದರೆ ಸೋರುತ್ತೆ. ಅದಕ್ಕೇ ಮೊದಲು ರಿಂಗ್ ಪೆಸರಿಯಿಂದ (ಯೋನಿಯೊಳಗೆ ಇಡೋ ಬಳೆ) ಮೇಲೆತ್ತಿ, ಮೂತ್ರಕೋಶ ತುಂಬಿರುವಾಗ ಕೆಮ್ಮಿಸಿ ನೋಡಬೇಕು. ಆಪರೇಷನ್ ನಂತರ ಕ್ಯಾತಿಟರ್ (ಉಚ್ಚೆ ಟ್ಯೂಬ್) ತೆಗೆದು, ಉಚ್ಚೆ ಹೊಯ್ದಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್. ಸುಮಾರು 150 ಮಿ.ಲೀ. ಮೀರಿ ಉಳಿದರೆ ಮತ್ತೆ ಟ್ಯೂಬ್.

ಬಸವನಗುಡಿ: ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಎಷ್ಟೋ ವಿಮಾ ಪಾಲಿಸಿಗಳಲ್ಲಿ ಈ ಆಪರೇಷನ್‌ಗೆ 2 ವರ್ಷ ಕಾಯಬೇಕು. ರೂಮ್ ಬಾಡಿಗೆ ಮಿತಿ 1% ಇದ್ದರೆ 3 ಲಕ್ಷದ ವಿಮೆಗೆ ದಿನಕ್ಕೆ 3,000. 6,000ದ ರೂಮ್ ಹಿಡಿದಿರೋ, ಸರ್ಜನ್, ಅನಸ್ತೇಶಿಯಾ, ಒಟಿ ಬಿಲ್ಲಲ್ಲೂ ಅದೇ ಅನುಪಾತದಲ್ಲಿ ಅರ್ಧ ಕತ್ತರಿ. ಮೆಶ್ ಬೆಲೆಯಲ್ಲೂ.

ಮಲ್ಲೇಶ್ವರ: ಮೆಶ್ ಇಂಪ್ಲಾಂಟ್ ಲೆಕ್ಕಕ್ಕೆ ಬರುತ್ತೆ, ಅದಕ್ಕೂ ಔಷಧಿಗೂ ಆ ಕತ್ತರಿ ಹಾಕೋ ಹಾಗಿಲ್ಲ. ಹಾಕಿದ್ದರೆ ವಿಮಾ ಕಂಪನಿಗೆ ಬರೆದು ಜಗಳ ಮಾಡಿ, ಇಲ್ಲಿ ಬಂದು ತಪ್ಪನ್ನು ಮೆಶ್ ಮೇಲೆ ಹಾಕಬೇಡಿ.